ದಿವಂಗತರು ಹಾಜರಿದ್ದಾರೆ

ಜೂನ್ ೧೦, ೨೦೨೫, ಮಂಗಳವಾರ

ಬಂಗಾರಪೇಟೆಯ ರೈಲ್ವೆ ಗೇಟಿನಾಚೆ ಓಣಿಯ ನಿವಾಸಿಗಳೂ, ಈ ದಿನಚರಿಯ ಲೇಖಕಿಯ ಜನ್ಮದಾತರೂ ಆದ ಶ್ರೀ ಮುನಿನಾರಾಯಣಪ್ಪನವರು ಇಂದು ಬೆಳಿಗ್ಗೆ ಲೇಖಕಿಯ ಕೈಯಿಂದಲೇ ದಿವಂಗತರಾದರೆಂದು ತಿಳಿಸಲು ಹೆಮ್ಮೆಯಾಗುತ್ತದೆ. ಆ ಸಮಯದಲ್ಲಿ ಮೃತರು ಅಡುಗೆಮನೆಯ ರಾಗಿ ಡ್ರಮ್ಮಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಸೀನು ತಡೆದುಕೊಳ್ಳುತ್ತಿದ್ದರು.

ನಡೆದದ್ದು ಹೀಗೆ. ನಮ್ಮ ಓಣಿಯಲ್ಲಿ ಸಾಲವಿಲ್ಲದ ಮನೆಯೆಂದರೆ ಮಾರಮ್ಮನದೊಂದೇ. ಆದ್ದರಿಂದ ಕೈಯಲ್ಲಿ ಫೈಲು ಹಿಡಿದ ಯಾರೇ ಗೇಟು ದಾಟಿ ಬಂದರೂ ನಲ್ಲಿ ಕಟ್ಟೆಯ ಮೇಲೆ ಕೂತಿರುವ ಚಿಕ್ಕವೆಂಕಟಮ್ಮ "ಕೋಳಿ ಬಿಟ್ಕೊಂಡೈತೆ, ಇಡ್ಕೊಳ್ರೋ!" ಎಂದು ಕೂಗುವುದು ವಾಡಿಕೆ. ಕೂಗು ಬಿದ್ದ ಕೂಡಲೇ ಸಾಲಗಾರರು ಒಳಗೆ, ಉಳಿದವರು ಹೊರಗೆ. ಯಾರನ್ನು ಕೇಳಿದರೂ "ಅವ್ರಾ? ಕುಪ್ಪಂ ಕಡೆ ಓಗವ್ರೆ" ಅನ್ನಬೇಕು. ಕಾಗದ ಕೈಗೆ ತಗೊಳ್ಳದಿದ್ದರೆ ಕೇಸೇ ಇಲ್ಲ ಎಂಬುದು ನಮ್ಮ ಓಣಿಯ ಸಂವಿಧಾನದ ಮೊದಲನೇ ವಿಧಿ.

ಇವತ್ತಿನ ಕೋಳಿ ಕೋರ್ಟಿನ ಅಮೀನರು, ಅಶ್ವತ್ಥಪ್ಪನವರು. ತಂದಿದ್ದು ಅಪ್ಪನ ಹೆಸರಿನ ಸಮನ್ಸು. ಹತ್ತು ವರ್ಷದ ಹಿಂದಿನ ಕ್ರೆಡಿಟ್ ಕಾರ್ಡಿನ ಬಾಕಿಯಂತೆ. ಕೇಸು ಹಾಕಿರುವುದು ಬ್ಯಾಂಕಲ್ಲ. ಬ್ಯಾಂಕಿನವರಿಂದ ಹಳೇ ಬಾಕಿಗಳನ್ನೆಲ್ಲ ಗುಜರಿ ಸಾಮಾನಿನ ಹಾಗೆ ರಾಶಿಯಲ್ಲಿ ಕೊಂಡುಕೊಂಡ ಮುಂಬಯಿಯ ಒಂದು ಕಂಪನಿ. ಅದರ ಹೆಸರೇ ಎರಡು ಸಾಲು ಉದ್ದವಿರುವುದರಿಂದ ಈ ದಿನಚರಿಯಲ್ಲಿ ಇನ್ನು ಮುಂದೆ 'ಮಹಾಕಂಪನಿ' ಎಂದು ಕರೆಯಲಾಗುವುದು.

ಕುಪ್ಪಂ ಕಡೆ ಹೋಗಿದ್ದಾರೆ ಅಂದರೆ ಅಮೀನರು ನಾಳೆ ಮತ್ತೆ ಬರುತ್ತಾರೆ. ಎಲ್ಲಿಂದ ಯಾರೂ ವಾಪಸ್ಸು ಬರುವುದಿಲ್ಲವೋ ಅಲ್ಲಿಗೇ ಅಪ್ಪನನ್ನು ಕಳಿಸಿದರೆ ಹೇಗೆ ಎಂದು ನನಗೆ ಹೊಳೆಯಿತು. ಸಾಮಗ್ರಿಯೂ ಮನೆಯಲ್ಲೇ ಇತ್ತು. ಆಂಡರ್ಸನ್‌ಪೇಟೆಯಲ್ಲಿ ಸಾಯಿಕುಮಾರಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ನಾನು ಡಿಸೈನರ್. ಶ್ರದ್ಧಾಂಜಲಿ ನಮ್ಮಲ್ಲಿ ಚೆನ್ನಾಗಿ ಓಡುವ ಐಟಂ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಳಿಸುತ್ತೇವೆ. ಹೋದ ತಿಂಗಳು ಹೊಸ ಡಿಸೈನಿಗೆ ಸ್ಯಾಂಪಲ್ ಮುಖ ಬೇಕಾಗಿತ್ತು. ಬದುಕಿರುವ ಯಾವ ಗಿರಾಕಿ ಅದಕ್ಕೆ ಮುಖ ಕೊಡುತ್ತಾನೆ? ಅಪ್ಪನ ಫೋಟೋ ಹಾಕಿ, ಸುತ್ತ ಮೋಡ, ಎರಡು ದೀಪ, ಒಂದು ಪಾರಿವಾಳ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಹೊಡೆದು, ಅಮ್ಮನನ್ನು ಹೆದರಿಸಲೆಂದು ಮನೆಗೆ ತಂದು ಮಂಚದ ಕೆಳಗೆ ಸುತ್ತಿಟ್ಟಿದ್ದೆ. ಅದನ್ನೇ ಗೋಡೆಗೆ ನೇತುಹಾಕಿದೆ. ದೇವರ ಫೋಟೋದ ಹಾರ ತೆಗೆದು ಅಪ್ಪನಿಗೆ ಹಾಕಿದೆ.

ಅಮೀನರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

"ಯಾವಾಗಮ್ಮಾ?"

"ಓದ ವಾರ ಸಾರ್."

"ಏನಾಗಿತ್ತು?"

"ಮನ್ಸಿಗೆ ಅಚ್ಕೊಂಡ್ಬಿಟ್ರು ಸಾರ್."

ಅಡುಗೆಮನೆಯಲ್ಲಿ ಡ್ರಮ್ಮು ಸದ್ದು ಮಾಡಿತು. ನಾನು "ಇಲಿ" ಅಂದೆ. ಅಮೀನರು ಕಾಗದದ ಹಿಂದೆ ಏನೋ ಷರಾ ಬರೆದು, ಚಿಕ್ಕವೆಂಕಟಮ್ಮನನ್ನು ಕರೆದು ಸಾಕ್ಷಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವಳೋ ಸೆರಗನ್ನು ಬಾಯಿಗೆ ತುರುಕಿಕೊಂಡು ಗಳಗಳ ಅತ್ತಳು. ಕಲಾವಿದೆ ಎಂದರೆ ಅವಳು. ಹೋಗುವ ಮುಂಚೆ ಅಮೀನರು ಫ್ಲೆಕ್ಸಿಗೆ ಕೈ ಮುಗಿದು, ಓರೆಯಾಗಿದ್ದ ಹಾರ ಸರಿಮಾಡಿ, "ಧೈರ್ಯವಾಗಿರಮ್ಮಾ, ತಾಯೀನ ನೋಡ್ಕೋ" ಅಂದರು.

ಅಪ್ಪ ಹೊರಗೆ ಬಂದು ತನ್ನ ಶ್ರದ್ಧಾಂಜಲಿಯನ್ನು ಬಹಳ ಹೊತ್ತು ನೋಡಿದರು. "ಈ ಫೋಟೋದಾಗೆ ಚೆನ್ನಾಗಿವ್ನಿ" ಅಂದರು. ನಾನು ನಕ್ಕೂ ನಕ್ಕೂ ನೆಲಕ್ಕೆ ಬಿದ್ದೆ. ಅಮ್ಮ ಮಾತ್ರ ಹಾರವನ್ನು ತೆಗೆದು ಹೊರಗೆ ಎಸೆದು ಬಂದು ಕೈ ತೊಳೆದಳು.

ಜೂನ್ ೧೨, ಗುರುವಾರ

ಕಲೆಗೆ ಇಷ್ಟೊಂದು ಪ್ರಚಾರ ಬೇಡವಾಗಿತ್ತು.

ಚಿಕ್ಕವೆಂಕಟಮ್ಮನ ಮಗ ಗೋಪಿ ಫ್ಲೆಕ್ಸಿನ ಫೋಟೋ ತೆಗೆದು ಮೂರು ಅಳುವ ಮುಖಗಳ ಸಮೇತ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಾನೆ. ತಮಾಷೆಗಂತೆ. ಅದು ಬೇತಮಂಗಲ ಮುಟ್ಟಿದೆ. ಬೇತಮಂಗಲದಲ್ಲಿ ನಮ್ಮಜ್ಜಿ ಅಮ್ಮಾಜಮ್ಮ ಇದ್ದಾಳೆ, ಅಪ್ಪನ ಹೆತ್ತವಳು.

ಬೆಳಿಗ್ಗೆ ಮೊದಲನೇ ಬಸ್ಸಿನ ಅರ್ಧ ಜನ ನಮ್ಮ ಓಣಿಗೇ ಇಳಿದರು. ಗೇಟಿನ ಹತ್ತಿರದಿಂದಲೇ ಅಜ್ಜಿಯ ಕೂಗು. "ನನ್ನ ಮಣ್ಣು ಮಾಡ್ಬೇಕಾದೋನು ನೀನು, ನೀನೇ ಮುಂದೆ ಓಗ್ಬಿಟ್ಟೇನೋ ನನ್ನಪ್ಪಾ!" ಆ ಸದ್ದಿಗೆ, ಬಾಯಿ ತುಂಬಾ ಪೇಸ್ಟು ನೊರೆ ತುಂಬಿಕೊಂಡಿದ್ದ ಅಪ್ಪ ಬ್ರಷ್ಷು ಕಚ್ಚಿಕೊಂಡೇ ಬಾಗಿಲು ತೆಗೆದರು.

ಅಜ್ಜಿ ಬೀಳಲಿಲ್ಲ. ನಿಂತಲ್ಲೇ ನಿಂತಳು. ಆಮೇಲೆ ಕೈಯಲ್ಲಿದ್ದ ಮಲ್ಲಿಗೆ ಹಾರದಿಂದಲೇ ಅಪ್ಪನಿಗೆ ಬಾರಿಸತೊಡಗಿದಳು. ಹೂವೆಲ್ಲ ಉದುರಿ ನಾರು ಮಾತ್ರ ಉಳಿಯುವವರೆಗೂ ಬಾರಿಸಿದಳು. ಸುಸ್ತಾದ ಮೇಲೆ ಅವರ ಮುಖ ಮುಟ್ಟಿದಳು, ಕಿವಿ ಮುಟ್ಟಿದಳು, ನೊರೆ ಒರೆಸಿದಳು.

"ಸುಳ್ ಸಾವು ಬಂದ್ರೆ ಆಯಸ್ಸು ಜಾಸ್ತಿ ಆಯ್ತದೆ ಬಿಡು ಅಜ್ಜಿ," ಎಂದೆ ನಾನು. ನನಗೂ ಏನಾದರೂ ಹೇಳಬೇಕಿತ್ತು.

ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ಅಪ್ಪನನ್ನೇ ಕೇಳಿದಳು. "ಯಾಕಪ್ಪಾ ಇಂಗೆ ಬಚ್ಚಿಟ್ಕೊಂತೀಯ? ತಂಗಿ ಮಗಳ ಮದ್ವೇಗೂ ಬರ್ಲಿಲ್ಲ. ಪೋನ್ ಮಾಡಿದ್ರೆ ಈ ಉಡ್ಗಿ ಎತ್ಕೊಂಡು ಯಾರ್ದೋ ದನಿಯಾಗೆ ಮಾತಾಡ್ತದೆ. ಏನ್ ಕೊಲೆ ಮಾಡಿದ್ಯಾ?"

ಅಪ್ಪ ಬಾಯಿ ತೊಳೆಯಲು ಹೋದವರು ಬಹಳ ಹೊತ್ತು ತೊಳೆದರು.

ಅಳಲು ಬಂದವರೆಲ್ಲ ಮುದ್ದೆ, ಹುಳ್ಳಿಕಾಳು ಸಾರು ಉಂಡು ಮಧ್ಯಾಹ್ನದ ಬಸ್ಸಿಗೆ ಹೋದರು.

ಜೂನ್ ೧೫, ಭಾನುವಾರ

ನಿನ್ನೆ ಅಂಗಡಿಯಲ್ಲಿ ಶ್ರದ್ಧಾಂಜಲಿ ನಾಲ್ಕು, ನಾಮಕರಣ ಒಂದು. "ಏನ್ಮಾ, ನಿನ್ ಮುಖಾನೇ ಫ್ಲೆಕ್ಸ್ ತರ ಐತೆ?" ಎಂದು ಸಾಯಿಕುಮಾರಣ್ಣ ಕೇಳಿದ. ಬಿಸಿಲು ಎಂದೆ.

ಜುಲೈ ೩೦, ಬುಧವಾರ

ಮಹಾಕಂಪನಿಯವರಿಗೆ ಲೇಖಕಿಯ ಕಲೆ ಬಹಳ ಹಿಡಿಸಿಬಿಟ್ಟಿದೆ. ಎಷ್ಟೆಂದರೆ ಅಪ್ಪ ಸತ್ತಿದ್ದನ್ನು ಪೂರ್ತಿ ನಂಬಿ, ಅಮ್ಮನನ್ನೂ ನನ್ನನ್ನೂ ಕೇಸಿನಲ್ಲಿ ಸೇರಿಸಿ ನೋಟಿಸು ಕಳಿಸಿದ್ದಾರೆ. 'ಮೃತ ಮುನಿನಾರಾಯಣಪ್ಪನವರ ವಾರಸುದಾರರು: ೧. ರಾಧಾಮಣಿ, ೨. ಕುಮಾರಿ ವನಿತಾ.' ಅಚ್ಚಾದ ಕಾಗದದಲ್ಲಿ ನನ್ನ ಹೆಸರು ಬಂದಿದ್ದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ನಂತರ ಇದೇ ಮೊದಲು. ಅದರಲ್ಲೂ ಫಲಿತಾಂಶ ಇಂಥದ್ದೇ ಇತ್ತು.

ಕೇಳಿರುವುದು ಎರಡು ಲಕ್ಷದ ಎಂಬತ್ತೇಳು ಸಾವಿರ.

ಕಾರ್ಡಿನ ಕಥೆ ನನಗೆ ಗೊತ್ತು ಅಂದುಕೊಂಡಿದ್ದೆ. ಇವತ್ತು ಅಮ್ಮ ಪೂರ್ತಿ ಹೇಳಿದಳು. ಅಪ್ಪ ಆಗ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಒಂದು ದೊಡ್ಡ ಮಾಲಿನ ಬಾಗಿಲಲ್ಲಿ ಸೆಕ್ಯೂರಿಟಿ ಕೆಲಸ ಮಾಡುತ್ತಿದ್ದರು. ಬಾಗಿಲ ಪಕ್ಕದಲ್ಲೇ ಕಾರ್ಡು ಮಾರುವ ಹುಡುಗರ ಮೇಜು. ದಿನವೆಲ್ಲ ಒಟ್ಟಿಗೆ ನಿಲ್ಲುವವರು, ಒಂದೇ ಬುತ್ತಿಯಲ್ಲಿ ಉಣ್ಣುವವರು. ತಿಂಗಳ ಕೊನೆಗೆ ಒಬ್ಬ ಹುಡುಗ "ಅಣ್ಣಾ, ಒಂದು ಕಾರ್ಡು ಕಮ್ಮಿ ಐತೆ, ಟಾರ್ಗೆಟ್ ಮುಟ್ದಿದ್ರೆ ಕೆಲ್ಸದಿಂದ ತೆಗೀತಾರೆ, ಒಂದು ಸೈನ್ ಆಕಣ್ಣ" ಎಂದು ಅತ್ತನಂತೆ. ಅಪ್ಪ ಹಾಕಿದರು. ಕಾರ್ಡು ಬಂತು, ಟ್ರಂಕಿನಲ್ಲಿ ಬಿದ್ದಿತ್ತು. ಆರು ತಿಂಗಳಿಗೆ ಅಮ್ಮನ ಗರ್ಭಕೋಶದ ಆಪರೇಷನ್ ಬಂತು. ಆಸ್ಪತ್ರೆಯಲ್ಲಿ ಅದೇ ಕಾರ್ಡಿನಲ್ಲಿ ನಲವತ್ತೆರಡು ಸಾವಿರ ಉಜ್ಜಿದರು. ಆಮೇಲೆ ಕಂತು ಕಂತಾಗಿ ಐವತ್ತೊಂದು ಸಾವಿರ ಕಟ್ಟಿದರು. ಕಟ್ಟಿದಷ್ಟೂ ಬಾಕಿ ಬೆಳೆಯಿತು. ಮಾಲಿನವರು ಏಜೆನ್ಸಿ ಬದಲಾಯಿಸಿದಾಗ ಕೆಲಸ ಹೋಯಿತು, ಕಂತೂ ನಿಂತಿತು. ಅದಾದ ಮೇಲೆ ಅಪ್ಪ ಹುಣಸೆಹಣ್ಣಿನ ಗೋಡೌನಿನಲ್ಲಿ ಮೂಟೆ ಹೊರುತ್ತಾರೆ, ಬೈಕಿನ ಸದ್ದಿಗೆ ಒಳಗೆ ಓಡುತ್ತಾರೆ.

"ಈಗ ಸೈಟು ಓಗ್ತದಾ?" ಎಂದು ಅಮ್ಮ ಕೇಳಿದಳು.

ಸೈಟೆಂದರೆ ಊರಾಚೆಯ ಇಪ್ಪತ್ತು ಮೂವತ್ತರ ಜಾಗ. ಅಪ್ಪನ ಪಿಎಫ್ ದುಡ್ಡು, ಅಮ್ಮ ಪಾನಿಪುರಿ ಅಂಗಡಿಗೆ ಪೂರಿ ಕರಿದು ಕಟ್ಟಿದ ಚೀಟಿ ದುಡ್ಡು, ಎರಡೂ ಸೇರಿಸಿ ಅಪ್ಪನ ಹೆಸರಿನಲ್ಲಿ ಕೊಂಡದ್ದು. ನಾಲ್ಕು ಕಲ್ಲು, ನಡುವೆ ಒಂದು ನುಗ್ಗೆ ಗಿಡ. ಪ್ರತಿ ಭಾನುವಾರ ಅಮ್ಮ ಬಿಂದಿಗೆಯಲ್ಲಿ ನೀರು ಹೊತ್ತುಕೊಂಡು ಹೋಗಿ ಹಾಕಿ, ಇನ್ನೂ ಇಲ್ಲದ ಮನೆಯ ಇನ್ನೂ ಇಲ್ಲದ ಜಗುಲಿಯ ಮೇಲೆ ಕೂತು ಬರುತ್ತಾಳೆ.

ಹೋಗುವುದಿಲ್ಲ ಎಂದೆ. ಅಷ್ಟು ಗಟ್ಟಿಯಾಗಿ ಹೇಳಲು ನನಗೇನು ಗೊತ್ತಿತ್ತೋ.

ಆಗಸ್ಟ್ ೨, ಶನಿವಾರ

ಕೋರ್ಟಿನ ಆವರಣದಲ್ಲಿ ಬಡವರಿಗೆ ವಕೀಲರನ್ನು ಪುಕ್ಕಟೆ ಕೊಡುವ ಒಂದು ಕೋಣೆಯಿದೆ. ಅಲ್ಲಿ ನಮಗೆ ಸಿಕ್ಕಿದವರು ಶಶಿರೇಖ ಮೇಡಮ್. ನಾನು ನಡೆದದ್ದನ್ನೆಲ್ಲ, ಅಡುಗೆಮನೆಯ ಇಲಿಯ ಸಮೇತ, ಅಭಿನಯಿಸಿ ತೋರಿಸಿದೆ. ಮೇಡಮ್ ಮೇಜಿಗೆ ಹಣೆ ಹಚ್ಚಿ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, "ಎಂಥ ದೊಡ್ಡ ತಪ್ಪು ಮಾಡಿದೀಯ ಗೊತ್ತೇನಮ್ಮಾ?" ಅಂದರು.

ಅವರು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಸಾಲಕ್ಕೂ ಆಯಸ್ಸು ಉಂಟಂತೆ. ಕೊನೆಯ ಕಂತು ಕಟ್ಟಿದ ಮೇಲೆ ಮೂರು ವರ್ಷದೊಳಗೆ ಸಾಲ ಕೊಟ್ಟವರು ಕೋರ್ಟಿಗೆ ಬರಬೇಕು. ಅಪ್ಪ ಕೊನೆಯ ಕಂತು ಕಟ್ಟಿದ್ದು ೨೦೧೬ರ ಅಕ್ಟೋಬರಿನಲ್ಲಿ. ಅದನ್ನು ಮಹಾಕಂಪನಿಯವರೇ ತಮ್ಮ ದಾವೆಯಲ್ಲಿ ಬರೆದುಕೊಂಡಿದ್ದಾರೆ. ಅಂದರೆ ಈ ಸಾಲ ೨೦೧೯ರಲ್ಲೇ ಸತ್ತಿದೆ. ಈಗ ಹೆಣ ಹೊತ್ತುಕೊಂಡು ಬಂದು ಕೂಲಿ ಕೇಳುತ್ತಿದ್ದಾರೆ.

"ಮತ್ತೆ ಸತ್ತ ಸಾಲಕ್ಕೆ ಕೇಸು ಯಾಕೆ ಹಾಕ್ತಾರೆ ಮೇಡಮ್?"

"ಯಾರೂ ಬರಲ್ಲ ಅಂತ. ನೂರು ಜನರ ಮೇಲೆ ಹಾಕ್ತಾರೆ. ತೊಂಬತ್ತು ಜನ ನೋಟಿಸು ತಗೊಳ್ಳದೆ ಬಚ್ಚಿಟ್ಟುಕೊಳ್ತಾರೆ. ಎದುರಿಗೆ ಯಾರೂ ಇಲ್ಲ ಅಂದ್ರೆ ಇವರು ಹೇಳಿದ್ದೇ ನಿಜ ಆಗಿಬಿಡುತ್ತೆ. ನೀವು ಬಚ್ಚಿಟ್ಟುಕೊಳ್ಳೋದೇ ಇವರ ವ್ಯಾಪಾರ ಕಣಮ್ಮಾ."

ನಮ್ಮ ಓಣಿಯ ಸಂವಿಧಾನವನ್ನು ಯಾರು ಬರೆದರೆಂದು ಈಗ ಗೊತ್ತಾಯಿತು.

ಹಾಗಾದರೆ ಅಪ್ಪ ಸತ್ತೇ ಇರಲಿ, ನಾವೇ ವಾದ ಮಾಡೋಣ ಎಂದೆ. ಮೇಡಮ್ ನನ್ನನ್ನು ನೋಡಿದ ರೀತಿಗೆ ಕುರ್ಚಿಯಲ್ಲೇ ಕುಗ್ಗಿದೆ. ಬದುಕಿರುವವನ ವಾರಸುದಾರಳೆಂದು ನಾನು ಪ್ರಮಾಣ ಮಾಡಿ ಸೈನ್ ಹಾಕಿದರೆ ಜೈಲಂತೆ. ಮೊದಲು ಅಪ್ಪ ಬದುಕಬೇಕು, ಕೋರ್ಟಿನ ಎದುರಿಗೆ. ಆಮೇಲೆ ಮಿಕ್ಕಿದ್ದು. ಅಪ್ಪ ಬರದಿದ್ದರೆ ನಾನು ಸುಳ್ಳಿ, ಸೈಟು ಹರಾಜು.

ಆಗಸ್ಟ್ ೩, ಭಾನುವಾರ

ಇಂದು ಯಾವ ಹಾಸ್ಯವೂ ಜರುಗಲಿಲ್ಲ.

ಆಗಸ್ಟ್ ೨೦, ಬುಧವಾರ

ನಾಳೆ ನಮ್ಮ ಕೇಸು. ಭಾಷಣ ತಯಾರಾಗಿದೆ. "ಘನ ನ್ಯಾಯಾಲಯದ ದಿವ್ಯ ಸನ್ನಿಧಾನಕ್ಕೆ ಈ ಅಬಲೆಯ ಅನಂತ ನಮಸ್ಕಾರಗಳು" ಎಂದು ಶುರುವಾಗುತ್ತದೆ. ಮಧ್ಯದಲ್ಲಿ ಕಣ್ಣೀರಿಗೆ ಜಾಗ ಬಿಟ್ಟಿದ್ದೇನೆ.

ಅಪ್ಪ ಬರುವುದಿಲ್ಲವಂತೆ.

"ಸತ್ತೋನು ಸತ್ತಂಗೇ ಇರ್ಲಿ ಬಿಡು. ಜನರ ಮುಂದೆ ನಿಂತ್ಕೊಂಡು ಸಾಲಗಾರ ಅನ್ನಿಸ್ಕೊಳಕ್ಕಾಗಲ್ಲ ನನ್ ಕೈಲಿ."

"ತಗೊಂಡಿದ್ಕಿಂತ ಜಾಸ್ತಿ ಕಟ್ಟಿದೀಯಲ್ಲಪ್ಪಾ."

"ಕಟ್ಟಿದ್ದು ಯಾರಿಗ್ ಗೊತ್ತು? ಓಡೋಗಿದ್ದು ಎಲ್ರಿಗೂ ಗೊತ್ತು."

ನಾನು ರೇಗಿದೆ. ಅಮ್ಮನ ಸೈಟು ಹೋದರೆ ಆಗ ಎಲ್ಲಿ ಬಚ್ಚಿಟ್ಟುಕೊಳ್ಳುತ್ತೀಯ, ರಾಗಿ ಡ್ರಮ್ಮಿನ ಒಳಗಾ, ಎಂದು ಕೇಳಿದೆ. ಅಮ್ಮ "ಏಯ್ ವನಿತಾ" ಅಂದಳು. ಅಪ್ಪ ಎದ್ದು ಗೋಡೌನಿಗೆ ಹೋದರು. ಇವತ್ತು ಗೋಡೌನಿಗೆ ರಜೆ.

ಆಗಸ್ಟ್ ೨೧, ಗುರುವಾರ

ಎಲ್ಲವನ್ನೂ ಬರೆಯಬೇಕು, ಮರೆಯುವ ಮುಂಚೆ.

ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ನಾನೂ ಅಮ್ಮನೂ ಇಬ್ಬರೇ ಹೋದೆವು. ಕೋರ್ಟಿನ ಪಡಸಾಲೆ ಕೆಎಸ್ಆರ್‌ಟಿಸಿ ಬಸ್ಸಿನಷ್ಟೇ ತುಂಬಿತ್ತು. ಮೂಲೆಯಲ್ಲಿ ಅಮೀನ ಅಶ್ವತ್ಥಪ್ಪನವರು ಕಾಗದ ಜೋಡಿಸುತ್ತ ನಿಂತಿದ್ದರು. ನನ್ನನ್ನು ಗುರುತು ಹಿಡಿದು, ಅಮ್ಮನ ಹಣೆಯ ಕುಂಕುಮ ನೋಡಿ, ಮತ್ತೆ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದತೊಡಗಿದೆ.

ಆಗ ಕೂಗುವವನು ಬಾಗಿಲಿಗೆ ಬಂದು ಎತ್ತಿದ ದನಿಯಲ್ಲಿ ಕರೆದ. "ಮೃತ ಮುನಿನಾರಾಯಣಪ್ಪನ ವಾರಸುದಾರ್ರೂ... ಮೃತ ಮುನಿನಾರಾಯಣಪ್ಪನ ವಾರಸುದಾರ್ರೂ..." ಮೂರನೇ ಸಲಕ್ಕೆ ಬಾಯಿ ತೆರೆದಿದ್ದನಷ್ಟೇ, ಮೆಟ್ಟಿಲ ಕಡೆಯಿಂದ ಒಂದು ದನಿ ಬಂತು.

"ಸತ್ತಿಲ್ಲ ಸ್ವಾಮಿ. ಇವ್ನಿ."

ಅಪ್ಪ. ಮೈಮೇಲೆ ಹಳೇ ಸೆಕ್ಯೂರಿಟಿ ಯೂನಿಫಾರಂ, ನೀಲಿ ಅಂಗಿ, ಭುಜಕ್ಕೆ ಸೀಟಿಯ ದಾರ. ಎದೆಯ ಮೇಲೆ ಬ್ಯಾಡ್ಜಿದ್ದ ಜಾಗದಲ್ಲಿ ಮಾಸದ ಒಂದು ಚೌಕ. ಆಮೇಲೆ ಕೇಳಿದ್ದಕ್ಕೆ, "ಇಸ್ತ್ರಿ ಮಾಡಿದ್ದು ಅದೊಂದೇ ಇತ್ತು" ಅಂದರು. ಟ್ರಂಕಿನಿಂದ ಯಾವಾಗ ತೆಗೆದರೋ, ಎಲ್ಲಿ ಇಸ್ತ್ರಿ ಹಾಕಿಸಿದರೋ. ಪಡಸಾಲೆಯ ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಅಪ್ಪ ನೆಟ್ಟಗೆ ನಡೆದು ಬಂದು ನ್ಯಾಯಾಧೀಶರ ಎದುರಿಗೆ ನಿಂತು ಸೆಲ್ಯೂಟ್ ಹೊಡೆದರು. ಅಭ್ಯಾಸ.

ನ್ಯಾಯಾಧೀಶರು ನನ್ನ ವಯಸ್ಸಿನ ಮಗಳಿರಬಹುದಾದ ಹೆಂಗಸು. ಕಾಗದ ನೋಡಿದರು, ಅಪ್ಪನನ್ನು ನೋಡಿದರು. "ಇವರು ಸತ್ತಿದ್ದಾರೆ ಅಂತ ಅಮೀನರಿಗೆ ಹೇಳಿದ್ದು ಯಾರು?"

ನನ್ನ ಭಾಷಣ ಎಲ್ಲಿ ಹೋಯಿತೋ. ದಿವ್ಯ ಸನ್ನಿಧಾನವೂ ಬರಲಿಲ್ಲ, ಕಣ್ಣೀರಿನ ಜಾಗವೂ ಬರಲಿಲ್ಲ.

"ನಾನು. ಸುಳ್ಳು ಹೇಳಿದೆ," ಎಂದೆ.

"ಅಪ್ಪ ಬದುಕಿರುವಾಗಲೇ ಹಾರ ಹಾಕಿದ್ಯಂತೆ?"

"ಹಾಕಿದೆ ಮೇಡಮ್. ಇನ್ನು ಹಾಕಲ್ಲ."

ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಇನ್ನೊಮ್ಮೆ ಹೀಗಾದರೆ ಪೊಲೀಸರ ಹತ್ತಿರ ಕಳಿಸುತ್ತೇನೆಂದು ಹೇಳಿ, ಸಾವಿರ ರೂಪಾಯಿ ದಂಡ ಹಾಕಿ, ವಾರಸುದಾರರನ್ನು ಕೇಸಿನಿಂದ ಬಿಡಿಸಿ, ಅಪ್ಪನಿಗೆ ಜವಾಬು ಹಾಕಲು ದಿನ ಕೊಟ್ಟರು. ಶಶಿರೇಖ ಮೇಡಮ್ ವಕಾಲತ್ತು ಮುಂದಿಟ್ಟರು. ಅಪ್ಪ ಸೈನ್ ಹಾಕಿದರು. ಅಡ್ಡಗೆರೆ ಎಳೆದು, ಕೆಳಗೆ ಎರಡು ಚುಕ್ಕಿ ಇಟ್ಟರು.

ಹೊರಗೆ ಅಶ್ವತ್ಥಪ್ಪನವರು ಕಾಯುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. "ನಿಮ್ಮಪ್ಪನ ಪೋಟೋಗೆ ನಾನ್ ಕೈ ಮುಗ್ದಿದ್ದೆ ಕಣಮ್ಮಾ," ಅಂದರು. ಅಷ್ಟೇ.

ಸಾವಿರ ರೂಪಾಯಿಯ ಬಗ್ಗೆ ನನಗೆ ಅಷ್ಟೊಂದು ಬೇಜಾರಿಲ್ಲ.

ಸೆಪ್ಟೆಂಬರ್ ೨೬, ಶುಕ್ರವಾರ

ಕೋಳಿ ಬಿಟ್ಟುಕೊಂಡಿತು. ಓಣಿಯೆಲ್ಲ ಒಳಗೆ ಓಡಿತು. ಈ ಸಲದ ಕಾಗದ ಗೋಪಿಯ ಹೆಸರಿಗೆ, ಯಾವುದೋ ಮೊಬೈಲಿನ ಕಂತಿನ ಬಗ್ಗೆ. ಗೋಪಿ ನಮ್ಮ ಮನೆಗೇ ನುಗ್ಗಿ ರಾಗಿ ಡ್ರಮ್ಮಿನ ಕಡೆ ಹೊರಟಿದ್ದ. ಬಾಗಿಲಲ್ಲಿ ಅಪ್ಪ ನಿಂತಿದ್ದರು.

"ಅದು ನನ್ ಜಾಗ ಕಣ್ಲಾ. ಬಾಡಿಗೆಗೆ ಕೊಡಲ್ಲ."

"ಅಣ್ಣಾ, ದಮ್ಮಯ್ಯ ಅಂತೀನಿ!"

"ಓಗಿ ಸೈನ್ ಆಕ್ಬಿಟ್ಟು ತಗಾ. ಏನ್ ಬರ್ದವ್ರೆ ಓದಾನ. ಮೇಡಮ್ ತಾವ ನಾನೇ ಕರ್ಕೊಂಡೋಯ್ತೀನಿ."

ಗೋಪಿ ತಗೊಂಡ. ಚಿಕ್ಕವೆಂಕಟಮ್ಮ ನಲ್ಲಿ ಕಟ್ಟೆಯಿಂದ ನನ್ನಪ್ಪನಿಗೆ ಕೊಟ್ಟ ಬೈಗುಳಗಳನ್ನು ಈ ಪುಟದ ಮರ್ಯಾದೆಗಾಗಿ ಬರೆಯುತ್ತಿಲ್ಲ.

ನವೆಂಬರ್ ೧೪, ಶುಕ್ರವಾರ

ಮಹಾಕಂಪನಿ ಇವತ್ತು ಮನುಷ್ಯ ರೂಪದಲ್ಲಿ ಬಂತು. ಹೆಸರು ಬಾಲಾಜಿ, ರಾಬರ್ಟ್‌ಸನ್‌ಪೇಟೆ ಹುಡುಗ, ಟೈ ಕಟ್ಟಿದ್ದ, ಶೂ ಮಾತ್ರ ಬಾಯಿ ಬಿಟ್ಟಿತ್ತು. ಕೋರ್ಟಿನ ಪಕ್ಕದ ಟೀ ಅಂಗಡಿಯಲ್ಲಿ ನಮ್ಮನ್ನು ಹಿಡಿದ.

"ಅಂಕಲ್, ಯಾಕೆ ಅಲೀತೀರಾ? ಈಗ ಎರಡೇ ಸಾವಿರ ಕಟ್ಟಿ, ಈ ಪೇಪರಿಗೆ ಒಂದು ಸೈನ್ ಆಕಿ. ಮಿಕ್ಕಿದ್ದು ನಿಧಾನಕ್ಕೆ ಮಾತಾಡ್ಕೊಳಣ. ಕೇಸು ವಾಪಸ್."

ಇದರ ಬಗ್ಗೆ ಮೇಡಮ್ ಮೊದಲೇ ಎಚ್ಚರಿಸಿದ್ದರು. 'ಬಾಕಿ ಇದೆ, ಕೊಡುತ್ತೇನೆ' ಎಂದು ಬರೆದ ಕಾಗದಕ್ಕೆ ಈಗ ಸೈನ್ ಹಾಕಿದರೆ ಸತ್ತ ಸಾಲ ಎದ್ದು ಕೂರುತ್ತದೆ. ಅಪ್ಪನಿಗೂ ಅದು ಗೊತ್ತು. ಆದರೆ ಅಪ್ಪ ಕಾಗದ ಕೈಗೆ ತಗೊಂಡರು. ಬಹಳ ಹೊತ್ತು ನೋಡಿದರು. "ತಗೊಂಡಿದ್ದಂತೂ ನಿಜ," ಎಂದು ತಮಗೇ ಹೇಳಿಕೊಂಡರು. ಅಮ್ಮ ಟೀ ಲೋಟ ಕೆಳಗಿಟ್ಟಳು.

ನನ್ನ ಬ್ಯಾಗಿನಲ್ಲಿ, ಬರೆದ ಹತ್ತು ನಿಮಿಷಕ್ಕೆ ಅಳಿಸಿಹೋಗುವ ಇಂಕಿನ ಪೆನ್ನಿತ್ತು. ಇಂಥ ಹೊತ್ತಿಗೇ ಎಂದು ಇಟ್ಟುಕೊಂಡಿದ್ದೆ. ಅದನ್ನು ತೆಗೆಯಲಿಲ್ಲ. ಯಾಕೋ ಗೊತ್ತಿಲ್ಲ, ಟೀ ಚೆನ್ನಾಗಿತ್ತು.

ಅಪ್ಪ ಕೇಳಿದರು. "ಟಾರ್ಗೆಟ್ ಐತೇನಪ್ಪಾ ನಿಂಗೆ?"

ಬಾಲಾಜಿ ಕಣ್ಣು ಕೆಳಗೆ ಹಾಕಿದ. "ಐತೆ ಅಂಕಲ್. ಈ ತಿಂಗ್ಳು ಇನ್ನೂ ಮೂರು."

"ಅವತ್ತೂ ಒಬ್ಬ ಉಡ್ಗ ಟಾರ್ಗೆಟ್ ಅಂದ. ಅಯ್ಯೋ ಪಾಪ ಅಂತ ಸೈನ್ ಆಕ್ದೆ. ಅಲ್ಲಿಂದ ಇಲ್ಲಿಗಂಟ ಬಂದಿವ್ನಿ." ಅಪ್ಪ ಕಾಗದವನ್ನು ಮಡಿಚಿ ಅವನ ಜೇಬಿಗೇ ಇಟ್ಟರು. "ನಲ್ವತ್ತೆರಡು ತಗೊಂಡೆ, ಐವತ್ತೊಂದು ಕಟ್ಟಿದೆ. ಇನ್ನೂ ಬೇಕು ಅಂದ್ರೆ ಒಳಗೆ ಬಾ, ನ್ಯಾಯಾಧೀಶರ ಮುಂದೆ ಕೇಳು. ನಾನೆಲ್ಗೂ ಓಗಲ್ಲ. ಟೀ ಕುಡಿ."

ಬಾಲಾಜಿ ಟೀ ಕುಡಿದ. ದುಡ್ಡು ಅಪ್ಪನೇ ಕೊಟ್ಟರು.

ಫೆಬ್ರವರಿ ೧೨, ೨೦೨೬, ಗುರುವಾರ

ಗೆದ್ದೆವು. ಅವಧಿ ಮೀರಿದ ದಾವೆ ಎಂದು ನ್ಯಾಯಾಧೀಶರು ಅದನ್ನು ತಿರಸ್ಕರಿಸಿದರು. ಓದಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಬೇಕಾದರೆ ಮೇಲಿನ ಕೋರ್ಟಿಗೆ ಹೋಗಬಹುದು, ಹೋದರೆ ಹೋಗಲಿ, ನಾವೂ ಹೋಗೋಣ ಎಂದರು ಮೇಡಮ್.

ಗುರುವಾರವಾದರೂ ಅಮ್ಮ ಬಿಂದಿಗೆ ಎತ್ತಿಕೊಂಡು ಸೈಟಿಗೆ ಹೋದಳು. ಅಪ್ಪ ಇನ್ನೊಂದು ಬಿಂದಿಗೆ ಎತ್ತಿಕೊಂಡು ಹಿಂದೆ ಹೋದರು. ನುಗ್ಗೆ ಗಿಡಕ್ಕೆ ಅಷ್ಟು ನೀರು ಒಳ್ಳೆಯದಲ್ಲ ಎಂದು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಫೆಬ್ರವರಿ ೧೫, ಭಾನುವಾರ

ಅಜ್ಜಿ ಬೇತಮಂಗಲದಿಂದ ಬಂದಿದ್ದಾಳೆ. ಎಲ್ಲರೂ ಉಣ್ಣುತ್ತಿದ್ದಾಗ ಫೋನು ಬಂತು. ವಸೂಲಿಯವರು. ಮುಂಬಯಿಯಲ್ಲಿ ಕೂತು ಕರೆ ಮಾಡುವವರಿಗೆ ನಮ್ಮ ಕೋರ್ಟಿನ ಸುದ್ದಿ ಇನ್ನೂ ಮುಟ್ಟಿಲ್ಲವೆಂದು ಕಾಣುತ್ತದೆ. ನಿಮ್ಮ ದಾವೆ ತಿರಸ್ಕೃತವಾಗಿದೆ, ಇನ್ನು ಕರೆ ಮಾಡಬೇಡಿ ಎಂದು ಮರ್ಯಾದೆಯಾಗಿ ಹೇಳಿ ಮುಗಿಸೋಣವೆಂದು ನಾನು ಎತ್ತಿಕೊಂಡೆ. ಅಪ್ಪ ಎಡಗೈ ಚಾಚಿ ಫೋನನ್ನು ಕಿತ್ತುಕೊಂಡರು. ಗಂಟಲು ಸರಿಮಾಡಿಕೊಂಡರು.

"ನಮಸ್ಕಾರ. ದುಃಖದ ಸುದ್ದಿ ತಮಗೆ ಇನ್ನೂ ತಲುಪಿದಂಗೆ ಕಾಣಲ್ಲ. ತಮ್ಮ ಸಾಲ ದಿವಂಗತವಾಗಿ ಆರು ವರ್ಷ ಆಯ್ತು. ಊಂ, ಬಾಳ ನರಳ್ತು. ಬರೋ ಭಾನುವಾರ ತಿಥಿ ಊಟ ಇಟ್ಕೊಂಡಿದೀವಿ, ಮುದ್ದೆ, ನಾಟಿಕೋಳಿ ಸಾರು, ತಮ್ಮ ಆಫೀಸ್ನೋರೆಲ್ಲ ಬಂದು ಸಾಲದ ಆತ್ಮಕ್ಕೆ ಸಾಂತಿ ಕೋರ್ಬೇಕು... ನಾನಾ? ನಾನು ಮುನಿನಾರಾಯಣಪ್ಪ. ಊಂ, ಅದೇ ಮುನಿನಾರಾಯಣಪ್ಪ. ಅಡ್ರೆಸ್ ಬರ್ಕೊಳ್ಳಿ. ಮನೇಲೇ ಇರ್ತೀನಿ."

ಅಜ್ಜಿಗೆ ನಕ್ಕೂ ನಕ್ಕೂ ಮುದ್ದೆ ಗಂಟಲಿಗೆ ಸಿಕ್ಕಿಕೊಂಡಿತು. ಅಮ್ಮ ಅವಳ ನೆತ್ತಿ ತಟ್ಟುತ್ತಾ ತಾನೂ ನಗುತ್ತಿದ್ದಳು. ಇಂಥ ಕುಚೇಷ್ಟೆಗಳು ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತಿಸುತ್ತವೆಂದು ನಾನು ಗಂಭೀರವಾಗಿ ಎಚ್ಚರಿಕೆ ಕೊಟ್ಟೆ. ಈ ಮನೆಯಲ್ಲಿ ಗಾಂಭೀರ್ಯಕ್ಕೆ ಬೆಲೆಯೇ ಇಲ್ಲ.

ಉಂಡು ಕೈ ತೊಳೆದು ಬಂದು ಅಪ್ಪ ಕೇಳಿದರು. "ನಿಮ್ಮಂಗಡೀಲಿ ಸಾಲಕ್ಕೆ ಒಂದು ಶ್ರದ್ಧಾಂಜಲಿ ಒಡ್ದು ಕೊಡ್ತೀರಾ? ನಲ್ಲಿ ಕಟ್ಟೆ ತಾವ ಕಟ್ಬೇಕು. ಪಾರಿವಾಳ ಎರಡು ಆಕು."

ಆರ್ಡರ್ ಬರೆದುಕೊಂಡಿದ್ದೇನೆ. ಎರಡಡಿಗೆ ಮೂರಡಿ. ಜನನ ೨೦೧೫, ಮರಣ ೨೦೧೯, ದುಃಖತಪ್ತರು ಮಹಾಕಂಪನಿ. ಅಡ್ವಾನ್ಸ್ ಕೇಳಿದ್ದಕ್ಕೆ ಗಿರಾಕಿಗಳು ಸಾಲ ಹೇಳಿದರು.

ಮೂರು ವರ್ಷದೊಳಗೆ ವಸೂಲಿ ಮಾಡಬೇಕು.